ನೂರಿಪ್ಪತ್ತನೆಯ ಆರೋಗ್ಯವಂತೆ

ಕಾಯಿಲೆಯವರು ಬೇಕೆಂದರೆ ಎಷ್ಟು ಜನ ಬೇಕಾದರೂ ಸಿಗುತ್ತಾರೆ, ಆರೋಗ್ಯವಂತರನ್ನು ಹುಡುಕಿ ತರುವುದೇ ಕಷ್ಟ. ಡಾಕ್ಟರಮ್ಮನ ಸಂಶೋಧನೆಯಲ್ಲಿ ಎಲ್ಲರಿಗೂ ಮೊದಲು ಅರ್ಥವಾದ ಸಂಗತಿ ಇದು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬಂದಿರುವ ನೂರಿಪ್ಪತ್ತು ಹೆಂಗಸರ ರಕ್ತ, ಬಾರದಿರುವ ನೂರಿಪ್ಪತ್ತು ಹೆಂಗಸರ ರಕ್ತ, ಎರಡನ್ನೂ ಅಕ್ಕಪಕ್ಕ ಇಟ್ಟು ಯಾರಲ್ಲಿ ಯಾವ ವಿಟಮಿನ್ ಎಷ್ಟಿದೆ ಎಂದು ಅಳೆಯುವುದು ಅವರ ಕೆಲಸ. ಮೊದಲ ಗುಂಪು ಆರೇ ತಿಂಗಳಲ್ಲಿ ತುಂಬಿತು. ವಾರ್ಡಿನಲ್ಲಿ ಮಲಗಿದ್ದವರು, ಪಾಪ, ಅವರಿಗೆ ಎದ್ದು ಹೋಗಲು ಬೇರೆ ಜಾಗವೆಲ್ಲಿತ್ತು? ಎರಡನೆಯ ಗುಂಪಿನವರು ಮಾತ್ರ ಬರುತ್ತೇವೆ ಎಂದು ತಲೆಯಾಡಿಸಿ ಮಾಯವಾಗುತ್ತಿದ್ದರು. ಮೈ ನೆಟ್ಟಗಿರುವ ಯಾವ ಹೆಂಗಸು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೈ ಚುಚ್ಚಿಸಿಕೊಂಡು, ಅದು ಸಾಲದೆಂದು ಒಳಗಿನ ಕೋಣೆಯಲ್ಲಿ ಕಾಲು ಮಡಚಿ ಮಲಗುತ್ತಾಳೆ?

ಈ ಎರಡನೆಯ ಗುಂಪನ್ನು ತುಂಬಿಸುವ ಹೊಣೆ ಪುಟ್ಟಿಯ ತಲೆಗೆ ಬಿದ್ದಿತ್ತು. ಪುಟ್ಟಿ ಎಂದರೆ ಎರಡು ಜಡೆಯ ಹುಡುಗಿಯಲ್ಲ, ಮೂವತ್ತನಾಲ್ಕು ದಾಟಿದ ಲ್ಯಾಬ್ ಟೆಕ್ನಿಶಿಯನ್. ಅವಳಿಗೆ ಎಂಟು ವರ್ಷವಿದ್ದಾಗ ಅಣ್ಣನ ಕೈ ಹಿಡಿದು ಮನೆಗೆ ಬಂದ ಅತ್ತಿಗೆ, ತಾಯಿಯಿಲ್ಲದ ಆ ಮಗುವಿನ ತಲೆ ಬಾಚಿ ಪುಟ್ಟಿ ಎಂದು ಕರೆದಳು. ಆ ಹೆಸರು ಮತ್ತೆ ಬಿಡಲಿಲ್ಲ. ಅವಳ ಮದುವೆಯ ಮಾತು ಮುಂದಕ್ಕೆ ಹೋಗುತ್ತ ಹೋಗುತ್ತ ಕೊನೆಗೆ ಯಾರೂ ಎತ್ತದ ಮಾತಾಗಿ, ಪುಟ್ಟಿ ಅಣ್ಣನ ಮನೆಯ ಮಹಡಿಯ ಕೋಣೆಯಲ್ಲೇ ನೆಲೆಯಾಗಿದ್ದಳು. ಅಣ್ಣ ಶಾಲೆಯ ಬಸ್ಸು ಓಡಿಸುವವನು. ಅತ್ತಿಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವಳು. ಅಂಗಿ ಹೊಲಿಯಲು ನೂರು ಜನ ಬರುತ್ತಾರೆ, ಕಾಲರನ್ನು ಮೂಲೆ ಮುರಿಯದೆ ಕೂರಿಸುವವರು ಇಬ್ಬರೋ ಮೂವರೋ. ಅದರಲ್ಲಿ ಅತ್ತಿಗೆಯದು ಎತ್ತಿದ ಕೈ, ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಪುಟ್ಟಿಯ ಲ್ಯಾಬಿನಲ್ಲಿ ಹಗಲಿನಲ್ಲೂ ಕಿಟಕಿಗೆ ದಪ್ಪ ಪರದೆ. ಕೆಲವು ವಿಟಮಿನ್‌ಗಳಿಗೆ ಬೆಳಕು ಕಂಡರಾಗದು. ಬಿಸಿಲಿನಲ್ಲಿ ಅರ್ಧ ಗಂಟೆ ಬಿಟ್ಟರೆ ಇದ್ದದ್ದೂ ಇಲ್ಲವಾಗುತ್ತದೆ. ಹಾಗಾಗಿ ಅಲ್ಲಿ ಉರಿಯುತ್ತಿದ್ದದ್ದು ಒಂದೇ ಒಂದು ಮಂಕು ಹಳದಿ ದೀಪ. ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ತೇಲುವ ತಿಳಿಯನ್ನು ಸಣ್ಣ ಟ್ಯೂಬುಗಳಿಗೆ ಹಂಚಿ, ಒಂದೊಂದಕ್ಕೂ ಬೆಳ್ಳಿ ಕಾಗದ ಸುತ್ತಿ, ನಂಬರು ಬರೆದು, ತಡಮಾಡದೆ ಫ್ರೀಜರಿಗೆ ಇಡಬೇಕು. ಪಕ್ಕದ ಕೋಣೆಯವರು ಅವಳನ್ನು ಕತ್ತಲೆ ಮೇಡಂ ಎಂದು ಆಡಿಕೊಳ್ಳುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಕೆಲಸದಲ್ಲಿ ಅವಳು ಅಷ್ಟು ಅಚ್ಚುಕಟ್ಟು, ಒಂದು ಟ್ಯೂಬಿನ ನಂಬರು ಒಂದಿಷ್ಟು ಸೊಟ್ಟಗಾದರೂ ಅಳಿಸಿ ಮತ್ತೆ ಬರೆಯುವವಳು. ಇಂಥವಳು ಆ ಕೆಲಸ ಮಾಡಿದಳೆಂದರೆ ನಂಬುವುದು ಕಷ್ಟ, ಆದರೆ ಮಾಡಿದ್ದು ನಿಜ.

ಹೇಗೆ ಮಾಡಿದಳು ಎಂಬುದು ತಿಳಿಯಬೇಕಾದರೆ ಅಲ್ಲಿನ ಕೆಲಸದ ಕ್ರಮ ಗೊತ್ತಿರಬೇಕು. ಕಾಗದದ ಮೇಲೆ ಮೊದಲು ಕಾಯಿಲೆ ಇಲ್ಲವೆಂದು ಖಚಿತಪಡಿಸುವ ಒಳಗಿನ ಪರೀಕ್ಷೆ, ಆಮೇಲೆ ರಕ್ತ. ಖಾಲಿ ಹೊಟ್ಟೆಯ ಹೆಂಗಸರು ಸರದಿ ಕಾಯುತ್ತ ತಲೆ ಸುತ್ತಿ ಬೀಳತೊಡಗಿದ ಮೇಲೆ ಕ್ರಮ ತಿರುಗುಮುರುಗಾಯಿತು. ಮೊದಲು ರಕ್ತ, ಎರಡು ಬಿಸ್ಕತ್ತು, ಒಂದು ಲೋಟ ಚಹಾ, ಆಮೇಲೆ ಒಳಕ್ಕೆ. ಒಳಗಿದ್ದವರು ಸಿಸ್ಟರ್. ಇಪ್ಪತ್ತಾರು ವರ್ಷ ನರ್ಸ್ ಕೆಲಸ ಮಾಡಿದವರು, ದಪ್ಪ ಕನ್ನಡಕ, ದೊಡ್ಡ ಗಂಟಲು. ವಿನೆಗರ್‌ನಂಥ ಒಂದು ದ್ರಾವಣವನ್ನು ಗರ್ಭಕೋಶದ ಕೊರಳಿಗೆ ಹಚ್ಚಿ, ಒಂದು ನಿಮಿಷ ಕಾದು, ದೀಪ ಹಿಡಿದು ನೋಡುತ್ತಿದ್ದರು. ಬಿಳಿ ಮಚ್ಚೆ ಕಾಣದಿದ್ದರೆ ಅರ್ಧ ತೆರೆದ ಬಾಗಿಲಿನಿಂದ "ಸರಿ ಇದೆ" ಎಂದು ಕೂಗುವುದು, ಕಂಡರೆ ಎದ್ದು ಬಂದು ಡಾಕ್ಟರಮ್ಮನನ್ನು ಕರೆಯುವುದು. ಕೈಗವಸಿನ ಕೈಯಲ್ಲಿ ಪೆನ್ನು ಮುಟ್ಟುವಂತಿಲ್ಲವಲ್ಲ, ಅದಕ್ಕೆ ಹೊರಗಿನ ಮೇಜಿನಲ್ಲಿ ಕೂತ ಪುಟ್ಟಿ ಆ ಕೂಗು ಕೇಳಿದೊಡನೆ ಫಾರಂನಲ್ಲಿ ಟಿಕ್ ಹಾಕುತ್ತಿದ್ದಳು. ಸಂಜೆ ಕೈ ತೊಳೆದು ಬಂದ ಸಿಸ್ಟರ್ ಇಡೀ ಕಟ್ಟಿಗೆ ಒಂದೇ ಉಸಿರಿಗೆ ಸಹಿ ಹಾಕಿ ಬಸ್ಸು ಹಿಡಿಯಲು ಓಡುತ್ತಿದ್ದರು. ಯಾರನ್ನಾದರೂ ನೆನಪಿದೆಯೇ ಎಂದು ಕೇಳಿದರೆ, ನಾನು ಮುಖ ನೋಡುವುದೇ ಇಲ್ಲವಲ್ಲ ತಾಯಿ, ನಾನು ನೋಡುವುದು ಬೇರೆ ಕಡೆ ಎಂದು ನಗಿಸುತ್ತಿದ್ದರು.

ಕೊನೆಯ ದಿನ ಬಂತು. ನೂರ ಹತ್ತೊಂಬತ್ತು ಆಗಿತ್ತು, ಒಬ್ಬಳು ಕಮ್ಮಿ. ಬರುತ್ತೇನೆಂದಿದ್ದ ಶಾಲಾ ಟೀಚರ್ ಕೈ ಕೊಟ್ಟಿದ್ದಳು. ಮರುದಿನ ಬೆಳಿಗ್ಗೆ ಟ್ಯೂಬುಗಳ ಪೆಟ್ಟಿಗೆ ಅಳತೆಯ ಯಂತ್ರವಿರುವ ದೊಡ್ಡ ಲ್ಯಾಬಿಗೆ ಹೊರಡಬೇಕು. ಪುಟ್ಟಿ ಹಿಂದಿನ ಸಂಜೆಯೇ ಅತ್ತಿಗೆಯ ಬೆನ್ನು ಹತ್ತಿದ್ದಳು. ಅತ್ತಿಗೆ ಮೊದಲು ಕಿವಿಗೇ ಹಾಕಿಕೊಳ್ಳಲಿಲ್ಲ. ಆಮೇಲೆ ಪುಟ್ಟಿಯ ಮುಖ ಸಪ್ಪಗಾದದ್ದು ಕಂಡು ಅರ್ಧ ದಿನ ರಜೆ ಹೇಳಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದಳು. ರಕ್ತ ಕೊಡುವಾಗ ಅತ್ತ ನೋಡಿದಳು, ಬಿಸ್ಕತ್ತು ತಿಂದಳು, ಚಹಾ ನೀರುನೀರಾಗಿದೆ ಎಂದಳು. ಪುಟ್ಟಿ ಅಷ್ಟರಲ್ಲಿ ರಕ್ತವನ್ನು ತಿರುಗಿಸಿ, ಹಂಚಿ, ಬೆಳ್ಳಿ ಕಾಗದ ಸುತ್ತಿ, 120 ಎಂದು ಬರೆದು ಪೆಟ್ಟಿಗೆಯ ಕೊನೆಯ ತೂತಿನಲ್ಲಿಟ್ಟು ಬಂದಳು.

ಒಳಗಿನಿಂದ ಸಿಸ್ಟರ್ ಮುಂದಿನವರನ್ನು ಕರೆದಾಗ ಅತ್ತಿಗೆ ಏಳಲಿಲ್ಲ.

"ನಂಗೆ ನಾಚಿಕೆ ಆಗುತ್ತೆ ಕಣೇ ಪುಟ್ಟಿ. ಇವತ್ತು ಬೇಡ ಬಿಡು," ಎಂದಳು.

ಬೇರೆ ಹೆಂಗಸರು ಹೀಗೆಂದಾಗ ಪುಟ್ಟಿ ಪಕ್ಕದಲ್ಲಿ ಕೂತು ಹತ್ತು ನಿಮಿಷ ತಲೆ ತಿನ್ನುತ್ತಿದ್ದಳು. ನೋವಾಗುವುದಿಲ್ಲ, ಎರಡೇ ನಿಮಿಷ, ಒಳಗೆ ಇರುವುದು ಹೆಂಗಸೇ, ಹೆರಿಗೆಯಲ್ಲಿ ಬಿಟ್ಟ ನಾಚಿಕೆ ಈಗೆಲ್ಲಿಂದ ಬಂತು ಎಂದು ನಗಿಸಿ, ತೋಳು ಹಿಡಿದು ಬಾಗಿಲ ತನಕ ಬಿಟ್ಟು ಬರುತ್ತಿದ್ದಳು. ಅಮ್ಮನ ಜಾಗದಲ್ಲಿ ನಿಂತು ತನ್ನನ್ನು ಸಾಕಿದವಳಿಗೆ ಆ ಮಾತು ಹೇಳಲು ಅವಳಿಗೆ ನಾಲಗೆ ಏಳಲಿಲ್ಲ.

"ಪರವಾಗಿಲ್ಲ ಅತ್ತಿಗೆ, ನಿಮ್ಮಿಷ್ಟ. ಇನ್ನೊಂದಿನ ಮಾಡಿಸಿದ್ರಾಯ್ತು," ಎಂದಳು.

ಎಷ್ಟು ಮೃದುವಾದ ಮಾತು, ಎಷ್ಟು ಗೌರವದ ಮಾತು! ಮನೆ ಮುರಿಯುವ ಮಾತು ಯಾವಾಗಲೂ ಜೋರಾಗಿಯೇ ಇರಬೇಕೆಂದೇನೂ ಇಲ್ಲ. ಅತ್ತಿಗೆ ಚೀಲ ಹೆಗಲಿಗೇರಿಸಿ ಹೋದಳು. ಪರೀಕ್ಷೆಯಾಗದಿದ್ದರೆ ಅವಳ ಟ್ಯೂಬುಗಳನ್ನು ಎಸೆಯಬೇಕಿತ್ತು, ನಿಯಮ ಹಾಗೇ ಇತ್ತು. ಪುಟ್ಟಿ ಫಾರಂ ಮುಂದಿಟ್ಟುಕೊಂಡು ಕೂತಳು. ಅತ್ತಿಗೆಗೆ ಏನಾಗಿದೆ, ಗುಂಡುಕಲ್ಲಿನ ಹಾಗಿದ್ದಾಳೆ, ಒಂದು ದಿನ ಜ್ವರವೆಂದು ಮಲಗಿದವಳಲ್ಲ. ಮುಂದಿನ ವಾರ ಹೇಗೂ ಕರೆತಂದು ಮಾಡಿಸುತ್ತೇನೆ, ಟಿಕ್ ಒಂದು ವಾರ ಮೊದಲೇ ಬಿದ್ದರೆ ಭೂಮಿ ಬಾಯಿ ಬಿಡುವುದಿಲ್ಲ. ಹೀಗೆ ತನಗೆ ತಾನೇ ಹೇಳಿಕೊಂಡು ಟಿಕ್ ಹಾಕಿದಳು. ಸಂಜೆ ಸಿಸ್ಟರ್ ಕಟ್ಟಿನ ಜೊತೆ ಅದಕ್ಕೂ ಸಹಿ ಹಾಕಿದರು. ಮುಂದಿನ ವಾರ ಅತ್ತಿಗೆಗೆ ಕಾರ್ಖಾನೆಯಲ್ಲಿ ಹೆಚ್ಚಿನ ಕೆಲಸ ಬಂತು, ಅದರ ಮುಂದಿನ ವಾರ ಅಣ್ಣನ ಬಸ್ಸು ಕೆಟ್ಟಿತು, ಆಮೇಲೆ ಪುಟ್ಟಿಗೆ ಅದು ಮರೆತೇಹೋಯಿತು.

ಏಳು ತಿಂಗಳ ಮೇಲೆ ಅಳತೆಗಳು ಬಂದವು. ಹಾಳೆಯಲ್ಲಿ ಹೆಸರಿಲ್ಲ, ಬರೀ ನಂಬರು. ಪುಟ್ಟಿಯ ಕಣ್ಣು ಸೀದಾ ಕೊನೆಯ ಸಾಲಿಗೇ ಹೋಯಿತು. ವಿಟಮಿನ್ ಎ, ಸಿ, ಇ, ಫೋಲೇಟ್, ಒಂದರಲ್ಲೂ 120 ಹಿಂದೆ ಬಿದ್ದಿರಲಿಲ್ಲ; ಎರಡರಲ್ಲಿ ಎಲ್ಲರಿಗಿಂತ ಮೇಲಿತ್ತು. ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದರು. ಕಾಯಿಲೆಯವರಲ್ಲಿ ಕೆಲವು ವಿಟಮಿನ್ ಕಮ್ಮಿ ಇರುವುದು ಕಾಣುತ್ತಿದೆ. ಕಮ್ಮಿ ಇದ್ದದ್ದರಿಂದ ಕಾಯಿಲೆ ಬಂತೋ, ಕಾಯಿಲೆ ಬಂದದ್ದರಿಂದ ಕಮ್ಮಿಯಾಯಿತೋ, ಇಷ್ಟರಿಂದ ಹೇಳಲಾಗದು. ಕಾಯಿಲೆ ತರುವುದು ಒಂದು ವೈರಸ್, ಅದನ್ನು ಮೊದಲೇ ಹಿಡಿಯುವುದು ಪರೀಕ್ಷೆ. ವಿಟಮಿನ್ ಜಾಸ್ತಿ ಇದೆಯೆಂದು ಯಾರೂ ಪರೀಕ್ಷೆ ಬಿಡಬಾರದು. ಪುಟ್ಟಿ ಮೈಯೆಲ್ಲ ಕಿವಿಯಾಗಿ ಕೇಳಿದಳು, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆಯನ್ನೂ ಎಳೆದಳು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದ್ದು ಮಾತ್ರ ಬೇರೆ.

"ಅತ್ತಿಗೆ, ನೂರಿಪ್ಪತ್ತು ಜನದಲ್ಲಿ ನೀವೇ ಫಸ್ಟು!"

ಉಳಿದದ್ದನ್ನು ಹೇಳಲೇ ಇಲ್ಲವೆಂದಲ್ಲ. ಊಟದ ಹೊತ್ತಿಗೆ, ಆದರೂ ಆ ಪರೀಕ್ಷೆ ಒಂದು ಬಾಕಿ ಇದೆ ಎಂದು ಗೊಣಗಿದಳು. ಅಷ್ಟರಲ್ಲಿ ಅಣ್ಣ ಹೆಂಡತಿಯನ್ನು ಚುಡಾಯಿಸಲು ಶುರುಮಾಡಿದ್ದ. ಶಾಲೆಯಲ್ಲಿ ಯಾವತ್ತೂ ಫಸ್ಟ್ ಬಾರದವಳು ರಕ್ತದಲ್ಲಿ ಬಂದಳು ಎಂದು ನಗುತ್ತಿದ್ದ. ಆ ನಗುವಿನಲ್ಲಿ ಪುಟ್ಟಿಯ ಗೊಣಗು ಮುಳುಗಿಹೋಯಿತು. ಮರುದಿನದಿಂದ ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿ ಇದೇ ಸುದ್ದಿ. ನನ್ನ ನಾದಿನಿ ಲ್ಯಾಬಿನಲ್ಲಿ ಕಣ್ಣಾರೆ ನೋಡಿದ್ದಾಳೆ ಎಂದು ಅತ್ತಿಗೆ, ನೀನು ಏನು ತಿನ್ನುತ್ತೀಯ ಹೇಳೇ ಎಂದು ಉಳಿದವರು. ಸೊಪ್ಪು, ಕ್ಯಾರೆಟ್, ಹಣ್ಣು ಎಂದು ಅವಳು ಹೇಳಿದ್ದೇ ತಡ, ಆ ಸಾಲಿನ ಊಟದ ಡಬ್ಬಿಗಳೆಲ್ಲ ಕೇಸರಿ ಬಣ್ಣಕ್ಕೆ ತಿರುಗಿದವು. ಅದನ್ನು ಕೇಳಿ ಪುಟ್ಟಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆ ನಗುವನ್ನು ನೆನೆದರೆ ಅವಳಿಗೆ ಈಗ ತನ್ನ ಮೇಲೆಯೇ ಹೇಸಿಗೆ ಬರುತ್ತದೆ.

ಇನ್ನೂ ಒಂದು ಬೆಳಗಿನ ವಿಷಯವಿದೆ. ಅದನ್ನು ಅವಳು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆಯುತ್ತ, ತಲೆ ಎತ್ತದೆ, ಈ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುತ್ತದಂತೆ, ನಡುನಡುವೆ ಕಾಣಿಸಿಕೊಳ್ಳುತ್ತದಂತೆ, ಹೌದೇನೇ ಎಂದು ಕೇಳಿದಳು. ಪುಟ್ಟಿ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಫೋನು ಹಿಡಿದು ಬಸ್ಸಿನ ಹೊತ್ತು ನೋಡುತ್ತಿದ್ದಳು. ಹೂಂ, ಆಗುತ್ತೆ ಅತ್ತಿಗೆ ಎಂದು ಹೇಳಿ ಬಾಗಿಲ ಕಡೆ ನಡೆದಳು. ಯಾರಿಗೆ ಆಗುತ್ತೆ, ಎಷ್ಟು ದಿನದಿಂದ ಎಂದು ಎರಡು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕಿತ್ತು? ದಿನಾ ಅದೇ ಪ್ರಶ್ನೆಗಳನ್ನು ಊರವರಿಗೆಲ್ಲ ಫಾರಂ ಹಿಡಿದು ಕೇಳುತ್ತಿದ್ದವಳು ಅವಳೇ ಅಲ್ಲವೇ? ಅತ್ತಿಗೆಯೂ ಮತ್ತೆ ಕೇಳಲಿಲ್ಲ. ರಕ್ತದಲ್ಲಿ ಫಸ್ಟ್ ಬಂದವಳಿಗೆ ಏನು ಭಯ?

ಆ ಬೆಳಗಿನಿಂದ ಎಂಟು ತಿಂಗಳು, ರಕ್ತ ಕೊಟ್ಟ ದಿನದಿಂದ ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಹೊಲಿಗೆ ಯಂತ್ರದ ಮುಂದಿನಿಂದ ಏಳಲಾರದೆ ಹೋದಳು. ಕೂತ ಕುರ್ಚಿ ನೆನೆದಿತ್ತು. ಸಾಲಿನ ಹೆಂಗಸರು ಅವಳನ್ನು ಸುತ್ತುಗಟ್ಟಿ, ಮೇಲ್ವಿಚಾರಕನ ಕಣ್ಣಿಗೆ ಬೀಳದ ಹಾಗೆ ಹೊರಗೆ ಕರೆತಂದರು. ಆಸ್ಪತ್ರೆಯಲ್ಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವ ಮೊದಲೇ ಡಾಕ್ಟರಮ್ಮನ ಮುಖ ನೋಡಿ ಪುಟ್ಟಿಗೆ ಗೊತ್ತಾಯಿತು. ಕಾಯಿಲೆ ಗರ್ಭಕೋಶದ ಕೊರಳು ದಾಟಿ ಪಕ್ಕಕ್ಕೆ ಹಬ್ಬಿತ್ತು. ಶಸ್ತ್ರಚಿಕಿತ್ಸೆಯ ಕಾಲ ಮುಗಿದಿತ್ತು, ಇನ್ನು ರೇಡಿಯೇಷನ್, ಔಷಧಿ. ಅಣ್ಣನಿಗೆ ಅರ್ಥವಾಗಲೆಂದು ಯಾರೋ ಕರೆಂಟು ಕೊಡುತ್ತಾರೆ ಎಂದು ಹೇಳಿದರು. ಕರೆಂಟು ಕೊಟ್ಟರೆ ವಾಸಿಯಾಗುತ್ತದಲ್ಲ ಎಂದು ಅವನು ಎಲ್ಲರನ್ನೂ ಕೇಳಿಕೊಂಡು ಓಡಾಡಿದ.

ಡಾಕ್ಟರಮ್ಮ ಹಳೆಯ ಫಾರಂಗಳ ಕಡತ ತರಿಸಿದರು. ಆ ಹೊತ್ತಿಗೆ ಕೋಣೆಯಲ್ಲಿ ಅತ್ತಿಗೆ, ಅಣ್ಣ, ಪುಟ್ಟಿ ಮೂವರೂ ಇದ್ದರು. ಅವರು ಹಾಳೆ ತಿರುಗಿಸಿ, ಕನ್ನಡಕ ಮೇಲೇರಿಸಿ, ಎರಡು ಸಲ ಓದಿ, ಎರಡು ವರ್ಷದ ಹಿಂದೆ ಇವರ ಪರೀಕ್ಷೆ ನಮ್ಮಲ್ಲೇ ಆಗಿದೆ, ಏನೂ ಇಲ್ಲವೆಂದು ಬರೆದಿದೆ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಅಚ್ಚರಿ. ಆಮೇಲೆ ಅತ್ತಿಗೆಯನ್ನೇ ಕೇಳಿದರು.

"ಅವತ್ತು ಒಳಗೆ ಪರೀಕ್ಷೆ ಮಾಡಿದ್ರಾ ಅಮ್ಮ? ಜ್ಞಾಪಕ ಇದೆಯಾ?"

ಅತ್ತಿಗೆ ಪುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

"ಮಾಡಿದ್ರು ಡಾಕ್ಟ್ರೇ. ಜ್ಞಾಪಕ ಇದೆ," ಎಂದಳು.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಅಷ್ಟು ಸಲೀಸಾಗಿ ಹೇಳಿಬಿಟ್ಟಳು. ನಾದಿನಿಯ ಕೆಲಸ ಹೋಗಬಾರದು ಎಂಬ ಒಂದೇ ಯೋಚನೆ. ಆ ಸುಳ್ಳಿನ ಇನ್ನೊಂದು ತುದಿ ಯಾರ ಮೇಲೆ ಬೀಳುತ್ತದೆ ಎಂದು ಆ ನೋವಿನಲ್ಲಿ ಅವಳು ಯೋಚಿಸಲಿಲ್ಲ. ಪುಟ್ಟಿಗೆ ಯೋಚನೆ ಬಂತು, ಬಾಯಿ ಬರಲಿಲ್ಲ.

ಅಣ್ಣನಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಸಿಕ್ಕಂತಾಯಿತು. ಪರೀಕ್ಷೆ ಮಾಡಿದ ನರ್ಸಿನ ಕಣ್ಣು ಎಲ್ಲಿತ್ತು ಎಂದು ಅಲ್ಲೇ ಶುರುಮಾಡಿದ. ಮನೆಗೆ ಬಂದವನೇ ಶಾಲೆಯ ಗುಮಾಸ್ತರನ್ನು ಹಿಡಿದು ದೂರಿನ ಪತ್ರ ಬರೆಸತೊಡಗಿದ. ಎರಡು ಸಲ ಬರೆಸಿ, ಖಾರ ಸಾಲದೆಂದು ಮೂರನೆಯ ಸಲ ಬರೆಸಿದ. ಪ್ರತಿ ಸಲವೂ ಪುಟ್ಟಿಗೇ ಓದಿ ಹೇಳುತ್ತಿದ್ದ, ನಿನಗೆ ಆಸ್ಪತ್ರೆಯ ಭಾಷೆ ಗೊತ್ತು, ತಪ್ಪಿದ್ದರೆ ತಿದ್ದು ಎಂದು. ಅವಳು ಎರಡು ಕಾಗುಣಿತ ತಿದ್ದಿಕೊಟ್ಟಳು. ಮನುಷ್ಯರು ಎಷ್ಟು ಕೆಳಗಿಳಿಯಬಲ್ಲರು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಡಾಕ್ಟರಮ್ಮ ಫಾರಂ ತೋರಿಸಿ ಕೇಳಿದಾಗ ಸಿಸ್ಟರ್ ವಾದ ಮಾಡಲಿಲ್ಲ, ಅದೇ ಪುಟ್ಟಿಗೆ ತಡೆಯಲಾಗದ್ದು. ಸಹಿ ನನ್ನದೇ, ನಾನೇ ನೋಡಿರಬೇಕು, ಕಂಡಿಲ್ಲ ಎಂದು ಒಪ್ಪಿಕೊಂಡರು. ಒಂದು ದಿನ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದರು. ದೃಷ್ಟಿಯಲ್ಲಿ ಏನೂ ದೋಷವಿಲ್ಲ, ಕನ್ನಡಕ ಸರಿಯಾಗಿಯೇ ಇದೆ ಎಂದು ಚೀಟಿ ಬರೆದುಕೊಟ್ಟಿದ್ದರು. ಅದನ್ನು ಓದಿ ಅವರಿಗೆ ದುಃಖ ಇಮ್ಮಡಿಯಾಯಿತು. ಕಣ್ಣು ಕೆಟ್ಟಿದ್ದರೆ ಕಣ್ಣಿನ ತಪ್ಪು ಎನ್ನಬಹುದಿತ್ತು. ಆಮೇಲಿಂದ ಒಬ್ಬೊಬ್ಬರನ್ನೂ ಎರಡೆರಡು ಸಲ ನೋಡತೊಡಗಿದರು. ಹೊರಗೆ ಸಾಲು ಬೆಳೆಯಿತು, ಗೊಣಗಾಟ ಹೆಚ್ಚಿತು. ಒಳಗಿನಿಂದ ಬರುತ್ತಿದ್ದ ಕೂಗಿನ ಜೋರು ಇಳಿದುಹೋಯಿತು. ಒಂದು ಬೆಳಿಗ್ಗೆ "ಸರಿ ಇದೆ" ಎಂದವರು, ತಡಿ, ಇನ್ನೊಂದ್ಸಲ ನೋಡ್ತೀನಿ ಎಂದದ್ದು ಪುಟ್ಟಿಯ ಕಿವಿಗೆ ಬಿತ್ತು. ಪೆನ್ನು ಕೆಳಗಿಟ್ಟು ಎದ್ದಳು.

ಆ ಹೆಂಗಸು ಹೋಗುವ ತನಕ ಕಾದು, ಸಿಸ್ಟರನ್ನು ಡಾಕ್ಟರಮ್ಮನ ಕೋಣೆಗೆ ಕರೆದುಕೊಂಡು ಹೋದಳು. ಇಬ್ಬರ ಎದುರಿಗೆ ನಿಂತು, ಕೂರು ಎಂದರೂ ಕೂರದೆ, ಹೇಳಿದಳು.

"ಸಿಸ್ಟರ್, ನೀವು ಅವರನ್ನ ನೋಡೇ ಇಲ್ಲ. ಅತ್ತಿಗೆ ಒಳಗೆ ಬರಲೇ ಇಲ್ಲ. ಟಿಕ್ ಹಾಕಿದ್ದು ನಾನು."

ಸಿಸ್ಟರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಹದಿನೆಂಟು ದಿನ ನಾನು ಕಣ್ಣು ಮುಚ್ಚಿಲ್ಲ ಎಂದಷ್ಟೇ ಹೇಳಿ ಹೊರಗೆ ಹೋದರು. ಬಾಗಿಲನ್ನು ದಡಾರನೆ ಹಾಕಿಕೊಂಡು ಹೋಗಿದ್ದರೆ ಪುಟ್ಟಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಅದನ್ನು ಮೆಲ್ಲಗೆ ಮುಚ್ಚಿದರು.

ಡಾಕ್ಟರಮ್ಮ ಮೊದಲು ಕೇಳಿದ್ದು ಇನ್ನು ಯಾರಿಗಾದರೂ ಹೀಗೆ ಮಾಡಿದ್ದೀಯಾ ಎಂದು. ಇಲ್ಲ, ಆಣೆ ಮಾಡಿ ಹೇಳುತ್ತೇನೆ ಎಂದಳು ಪುಟ್ಟಿ.

"ಅದನ್ನ ನಾನು ಈಗ ಹೇಗೆ ನಂಬ್ಲಿ?"

ಉಳಿದ ನೂರ ಹತ್ತೊಂಬತ್ತು ಜನರನ್ನೂ ಒಬ್ಬೊಬ್ಬರನ್ನಾಗಿ ಹುಡುಕಿ ಮತ್ತೆ ಪರೀಕ್ಷೆ ಮಾಡಬೇಕು, ಅಲ್ಲಿಯ ತನಕ ಆ ಎರಡು ವರ್ಷದ ಕೆಲಸದ ಮೇಲೆ ಒಂದು ಸಾಲನ್ನೂ ಅಚ್ಚಿಗೆ ಕಳಿಸುವಂತಿಲ್ಲ ಎಂದರು ಡಾಕ್ಟರಮ್ಮ. ಕಡತದಲ್ಲಿ 120ರ ಮೇಲೆ ಕೆಂಪು ಗೆರೆ ಎಳೆದರು. ಪುಟ್ಟಿ ಈ ಕೆಲಸದಲ್ಲಿ ಇನ್ನು ಇರುವ ಹಾಗಿಲ್ಲ, ಉಳಿದದ್ದನ್ನು ಆಡಳಿತದವರು ತೀರ್ಮಾನಿಸುತ್ತಾರೆ ಎಂದರು. ಅದನ್ನೆಲ್ಲ ಅವಳು ತಲೆ ತಗ್ಗಿಸಿ ಕೇಳಿದಳು. ಹೊರಡುವ ಮುಂಚೆ, ಕೇಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು. ಅವತ್ತು ನೋಡಿದ್ದರೆ ಸಿಗುತ್ತಿತ್ತೇ?

ಸಿಗಬಹುದಿತ್ತು, ಸಿಗದೆಯೂ ಇರಬಹುದಿತ್ತು ಎಂದರು ಡಾಕ್ಟರಮ್ಮ. ಸಿಕ್ಕಿದ್ದರೆ ಆ ಮಚ್ಚೆಯನ್ನು ಅಲ್ಲೇ ಹತ್ತು ನಿಮಿಷದಲ್ಲಿ ಹೆಪ್ಪುಗಟ್ಟಿಸಿ ತೆಗೆದು ಸಂಜೆ ಮನೆಗೆ ಕಳಿಸುತ್ತಿದ್ದೆವು. ಅವರು ಸುಳ್ಳು ಸಮಾಧಾನ ಹೇಳುವವರಲ್ಲ, ಆ ದಿನವೂ ಹೇಳಲಿಲ್ಲ.

ಅಣ್ಣನಿಗೆ ಹೇಳುವುದು ಇನ್ನೂ ಬಾಕಿ ಇತ್ತು. ಅವನು ಬಸ್ಸು ತೊಳೆಯುತ್ತಿದ್ದ ಕಡೆಗೇ ಹೋಗಿ ಹೇಳಿದಳು. ಬೈಯುತ್ತಾನೆ, ಕೈ ಎತ್ತಿದರೂ ಎತ್ತಬಹುದು ಎಂದುಕೊಂಡಿದ್ದಳು. ಅವನು ಕೊಳವೆಯ ನೀರು ನಿಲ್ಲಿಸಿ, ಅಂಗಿಯ ಜೇಬಿನಿಂದ ಇನ್ನೂ ಕೊಡದಿದ್ದ ದೂರಿನ ಪತ್ರ ತೆಗೆದು ಅವಳ ಕೈಗಿಟ್ಟ. ನೀನು ತಿದ್ದಿದ್ದೆಯಲ್ಲ, ನೀನೇ ಇಟ್ಟುಕೋ ಎಂದ. ಅಂದಿನಿಂದ ಅವನು ಅವಳೊಡನೆ ಮಾತು ಬಿಟ್ಟ. ತಟ್ಟೆ ಮುಂದಿಟ್ಟರೆ ಉಣ್ಣುತ್ತಾನೆ, ತಲೆ ಎತ್ತುವುದಿಲ್ಲ.

ಅತ್ತಿಗೆ ಆಗ ರೇಡಿಯೇಷನ್‌ನ ಮೂರನೆಯ ವಾರದಲ್ಲಿದ್ದಳು. ಕೆಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕಕ್ಕೆ ಮಂಚ ಎಳೆದು ಹಾಕಿದ್ದರು. ಮೈ ಇಳಿದು, ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಡಾಕ್ಟರುಗಳು ಗುಣ ಎಂಬ ಮಾತು ಬಿಟ್ಟು ಸಮಯ ಎಂಬ ಮಾತು ಆಡತೊಡಗಿದ್ದರು. ಅದು ಅವಳಿಗೆ ತಿಳಿದಿತ್ತು. ಯಾರೂ ಹೇಳಿರಲಿಲ್ಲ, ಆದರೂ ತಿಳಿದಿತ್ತು. ಮಧ್ಯಾಹ್ನ ಪುಟ್ಟಿ ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತು, ಎಲ್ಲವನ್ನೂ ಹೇಳಿಬಿಟ್ಟೆ ಎಂದಳು.

ಅತ್ತಿಗೆಗೆ ಮೊದಲು ಸಿಟ್ಟು ಬಂತು. ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದೆನಲ್ಲ, ಅದನ್ನು ದಂಡ ಮಾಡಿದೆಯಲ್ಲ, ಇನ್ನು ಕೆಲಸ ಹೋದರೆ ಏನು ಮಾಡುತ್ತೀ ಎಂದು ಗದರಿದಳು. ಪುಟ್ಟಿ ಸಿಸ್ಟರ್ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡದ್ದು, ಎಲ್ಲರನ್ನೂ ಎರಡೆರಡು ಸಲ ನೋಡುವುದು, ಹದಿನೆಂಟು ದಿನ ನಿದ್ದೆಗೆಟ್ಟದ್ದು ಹೇಳಿದಳು. ಅವರ ವಿಚಾರ ನನ್ನ ತಲೆಗೇ ಬರಲಿಲ್ಲವಲ್ಲೇ ಎಂದು ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಮೇಲೆ ಇನ್ನೊಂದು ಸಂಗತಿ ಬಾಯಿಬಿಟ್ಟಳು. ಹೋದ ವರ್ಷ ಸಿಸ್ಟರ್ ಕಾರ್ಖಾನೆಗೆ ಚೀಟಿ ಕಳಿಸಿ, ಹೊಲಿಗೆಯವರಿಗೆಲ್ಲ ಒಳಗಿನ ಪರೀಕ್ಷೆ ಮಾಡಿಕೊಡುತ್ತೇವೆ ಎಂದು ಒಂದು ದಿನ ಗೊತ್ತುಮಾಡಿದ್ದರಂತೆ. ಸಾಲಿನಲ್ಲಿ ಅವಳನ್ನು ಬಿಟ್ಟು ನಲವತ್ತೆರಡು ಜನ. ಹೋಗೋಣವಾ ಎಂದು ಎಲ್ಲರೂ ಅತ್ತಿಗೆಯ ಮುಖ ನೋಡಿದರು, ಆಸ್ಪತ್ರೆಯಲ್ಲಿ ಜನ ಇರುವವಳು ಅವಳೊಬ್ಬಳೇ. ಅವಳು ಕಾಲರಿನಿಂದ ಕಣ್ಣೆತ್ತದೆ, ರಕ್ತ ಚೆನ್ನಾಗಿದ್ದರೆ ಅದೆಲ್ಲ ಯಾಕೆ ಎಂದಳು. ಏಳು ಜನ ಹೋದರು. ಮೂವತ್ತೈದು ಜನ ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ. ನನ್ನ ನೋಡಲು ಬಂದವರೂ, ನಿನಗೇ ಹೀಗಾಯಿತಲ್ಲ, ಪರೀಕ್ಷೆ ಮಾಡಿದರೂ ಏನು ಬಂತು ಎಂದು ಹೇಳಿ ಹೋಗುತ್ತಾರೆ, ಅದೂ ನನ್ನ ಸುಳ್ಳಿನ ಫಲ ಎಂದಳು. ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಏದುಸಿರು ಬಂದಿತ್ತು. ನಾಳೆ ಊಟದ ಬಿಡುವಿನಲ್ಲಿ ಹೋಗು, 120 ನಂಬರಿನವಳು ಒಳಗೆ ಹೋಗಲೇ ಇಲ್ಲವೆಂದು ಎಲ್ಲರ ಎದುರಿಗೆ ಹೇಳು ಎಂದಳು.

"ಹೇಳ್ತೀನಿ ಅತ್ತಿಗೆ," ಎಂದಳು ಪುಟ್ಟಿ. "ಬರೋದು ಬಿಡೋದು ಮಾತ್ರ ಅವರಿಷ್ಟ. ನಾವು ಬಲವಂತ ಮಾಡೋ ಹಾಗಿಲ್ಲ."

ಅತ್ತಿಗೆ ಬಟ್ಟಲನ್ನು ಪಕ್ಕಕ್ಕೆ ತಳ್ಳಿ, ಅವಳ ಮಣಿಕಟ್ಟು ಹಿಡಿದುಕೊಂಡಳು. ಹಿಡಿತದಲ್ಲಿ ಬಲವೇ ಇರಲಿಲ್ಲ.

"ಅವರಿಷ್ಟ ಅಂತ ಬಿಟ್ಟು ಬರಬೇಡ ಪುಟ್ಟಿ. ಜಗಳ ಆಡು, ಕೈ ಹಿಡ್ಕೊಂಡು ಎಬ್ಬಿಸು. ಅವತ್ತು ನೀನು ಒಂದೇ ಒಂದು ಸಲ ಗದರಿಸಿದ್ರೆ ನಾನು ಎದ್ದು ಒಳಗೆ ಹೋಗ್ತಿದ್ದೆ. ನಾಚಿಕೆ ಅಂದಿದ್ದು ಬೇಡ ಅನ್ನೋದಕ್ಕಲ್ಲ ಕಣೇ. ನೀನು ಗದರಿಸ್ತೀಯ ಅಂತಾನೇ ಅಂದಿದ್ದು."